ಈ ವರ್ಷ ಎಡಗಾಲು

ನಮ್ಮೂರು ತೋರೆಮಾರಾದ ಮೇಲಿನ ಕೇರಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸಾವೆರಿಯಾ ಫ್ರಾಗಾಲೆ ಬಾಗಿಲು ತಟ್ಟುವುದಿಲ್ಲ, ತಳ್ಳಿಕೊಂಡೇ ಒಳಗೆ ಹೋಗುತ್ತಾರೆ. ಒಂದು ಕೈಯಲ್ಲಿ ಔಷಧಿ ಚೀಲ, ಇನ್ನೊಂದರಲ್ಲಿ ನೆಗ್ಗಿದ ಬೋಗುಣಿ.

"ಕಾಲು," ಅನ್ನುತ್ತಾರೆ.

"ಕಾಫಿ ಕುಡಿಯೋಕೂ ಬಿಡಲ್ವಲ್ಲ ಮಾರಾಯ್ತಿ!" ಎಂದು ಸಿಡುಕುವವರು ಕೋಸಿಮೊ, ಎಪ್ಪತ್ತು ದಾಟಿದ ಕಲ್ಲುಕೆಲಸದ ಮೇಸ್ತ್ರಿ.

"ಕಾಫಿ ಎಲ್ಲೂ ಓಡಿಹೋಗಲ್ಲ ಮೇಸ್ತ್ರಿ. ಓಡಿಹೋಗೋರು ನೀವು. ಚಾಚಿ."

ಮೇಸ್ತ್ರಿ ಎಡಗಾಲು ಚಾಚುತ್ತಾರೆ. ಅದರಲ್ಲೀಗ ನಾಲ್ಕೇ ಬೆರಳು. ಸಾವೆರಿಯಾ ಪಟ್ಟಿ ಬಿಚ್ಚಿ, ಗಾಯವನ್ನು ದೀಪಕ್ಕೆ ಹಿಡಿದು ನೋಡಿ, ಮೂಸುತ್ತಾರೆ. ಹೌದು, ಮೂಸುತ್ತಾರೆ. ಕೊಳೆತಿದ್ದರೆ ಕಣ್ಣಿಗಿಂತ ಮೂಗಿಗೆ ಮೊದಲು ತಿಳಿಯುತ್ತದಂತೆ. ಸಕ್ಕರೆ ಕಾಯಿಲೆಯ ಇಂಥ ಕಾಲುಗಳು ಇನ್ನೂ ಹತ್ತಾರು ಮನೆಗಳಲ್ಲಿವೆ, ಎಲ್ಲವೂ ಮೆಟ್ಟಿಲು ಹತ್ತಿ ಹೋಗಬೇಕಾದ ಮನೆಗಳೇ.

ನಮ್ಮ ಚರ್ಚಿನ ಧರ್ಮಕೇಂದ್ರಕ್ಕೆ ಒಂದು ಆರೋಗ್ಯ ಸೇವಾ ತಂಡವಿದೆ. ಸಭೆಗೆ, ಸಭೆಯ ನಂತರದ ಕೇಕಿಗೆ ಎಲ್ಲರೂ ಬರುತ್ತಾರೆ. ಮೆಟ್ಟಿಲು ಹತ್ತುವವರು ಸಾವೆರಿಯಾ ಒಬ್ಬರೇ. ಹಬ್ಬದ ದಿನ ಮೆರವಣಿಗೆಯಲ್ಲಿ ಮಾತೆಯ ಪ್ರತಿಮೆಗೆ ಒಂದು ಗಳಿಗೆ ಹೆಗಲು ಕೊಟ್ಟವನ ಫೋಟೊ ಚೌಕದ ಬಾರಿನ ಗೋಡೆಯಲ್ಲಿ ವರ್ಷವಿಡೀ ಹಲ್ಲು ಕಿರಿಯುತ್ತದೆ. ಸಾವೆರಿಯಾ ರಸ್ತೆಯಲ್ಲಿ ಎದುರಾದರೆ ಅದೇ ಜನ ಬೋಗುಣಿ ಕಂಡು ಪಕ್ಕಕ್ಕೆ ಸರಿಯುತ್ತಾರೆ. ನಾಚಿಕೆಯಾಗಬೇಕು.

ಸಾವೆರಿಯಾ ಹುಟ್ಟಿದ್ದು ಚಮ್ಮಾರನ ಮಗಳಾಗಿ. ಅಗ್ಗದ ಬೂಟುಗಳು ಬಂದು ಅಪ್ಪನ ಅಂಗಡಿಗೆ ಬೀಗ ಬಿತ್ತು. ಸಕ್ಕರೆ ಕಾಯಿಲೆಯ ಅತ್ತೆ ಹಾಸಿಗೆ ಹಿಡಿದಾಗ, ಮನೆಗೆ ಬರುತ್ತಿದ್ದ ನರ್ಸಮ್ಮನಿಂದ ಹುಣ್ಣು ತೊಳೆಯುವುದನ್ನು ಕಲಿತರು. "ಅತ್ತೆ ಬಯ್ದಷ್ಟು ಇನ್ಯಾರೂ ಬಯ್ದಿಲ್ಲ ಬಿಡಿ. ಅದಾದ್ಮೇಲೆ ಈ ಮುದುಕರು ಯಾವ ಲೆಕ್ಕ?" ಎಂದು ನಗುತ್ತಾರೆ.

ಕಳೆದ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ ಕಾಲದಲ್ಲಿ, ಪೂಜೆಯ ವೇಳೆ, ಇವರ ಕಣ್ಣು ಮೇಸ್ತ್ರಿಯ ಎಡ ಬೂಟಿನ ಮೇಲೆ ಬಿತ್ತು. ಕಿರುಬೆರಳಿನ ಹತ್ತಿರ ಚಾಕುವಿನಿಂದ ಸೀಳಿತ್ತು. ಕಾಲು ಊದಿದೆ ಎಂದು ಗೊತ್ತಾಯಿತು. ಕೇಳಿದರೆ ಮೇಸ್ತ್ರಿ ಬಾಗಿಲು ಹಾಕಿಕೊಂಡರು. ಅವರ ಅಣ್ಣನಿಗೆ ಆಸ್ಪತ್ರೆಯಲ್ಲಿ ಮೊದಲು ಪಾದ ಕತ್ತರಿಸಿದ್ದರು, ಆಮೇಲೆ ಮೊಣಕಾಲಿನವರೆಗೆ. ಕೊನೆಗೆ ಮನೆಗೆ ಬಂದದ್ದು ಶವಪೆಟ್ಟಿಗೆ. "ನನ್ನ ಕಾಲು ನನ್ನ ಜೊತೆಗೇ ಮಣ್ಣಿಗೆ ಹೋಗುತ್ತೆ," ಎಂದು ಒಳಗಿನಿಂದಲೇ ಕೂಗಿದರು.

ಸಾವೆರಿಯಾ ನೇರ ಪಾದ್ರಿ ವಿತಾಲಿಯಾನೊ ಅವರ ಬಳಿ ಹೋದರು. ಪವಿತ್ರ ಗುರುವಾರ, ಪ್ರಭು ಶಿಷ್ಯರ ಕಾಲು ತೊಳೆದ ನೆನಪಿಗೆ, ಪಾದ್ರಿಗಳು ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರಲ್ಲ, ನಮ್ಮೂರಲ್ಲಿ ಆ ಕುರ್ಚಿಗಳಲ್ಲಿ ಕೂರುವುದು ದೊಡ್ಡ ಮನುಷ್ಯರು. ಮನೆಯಲ್ಲೇ ಕಾಲು ತಿಕ್ಕಿ, ಸೆಂಟು ಹಾಕಿಕೊಂಡು ಬರುತ್ತಾರೆ. ಅದೂ ಬಲಗಾಲು ಮಾತ್ರ, ತೊಳೆಯುವುದು ಅದೊಂದನ್ನೇ.

"ಒಂದು ಕುರ್ಚಿ ಮೇಸ್ತ್ರಿಗೆ ಕೊಡಿ ಫಾದರ್. ಈ ವರ್ಷ ಎಡಗಾಲು ಅಂತ ಹೇಳ್ತೀನಿ. ಆಗಾದ್ರೂ ಆ ಬೂಟು ಕಳಚ್ತಾರೆ."

"ಸುಳ್ಳು ಹೇಳ್ತೀಯಾ?"

"ನೀವು ಎಡಗಾಲೇ ತೊಳೆದ್ರೆ ಸುಳ್ಳು ಹೇಗಾಗುತ್ತೆ?"

ಪಾದ್ರಿಗಳು ಬಹಳ ಹೊತ್ತು ಗಡ್ಡ ಕೆರೆದುಕೊಂಡು ಒಪ್ಪಿದರು.

ಕುರ್ಚಿ ಸಿಕ್ಕಿದ್ದಕ್ಕೆ ಮೇಸ್ತ್ರಿ ಉಬ್ಬಿಹೋದರು. ಬುಧವಾರ ಸಾವೆರಿಯಾ ಉಗುರು ತೆಗೆಯಲು ಹೋದಾಗ ಬಲಗಾಲು ಚಾಚಿದರು.

"ಅದಲ್ಲ. ಈ ವರ್ಷ ಎಡಗಾಲು."

"ನಮ್ಮಜ್ಜನ ಕಾಲದಿಂದ ಬಲಗಾಲೇ ಕಣೇ!"

"ಬೇಡ ಅಂದ್ರೆ ಬಿಡಿ. ಕುರ್ಚಿ ಔಷಧಿ ಅಂಗಡಿಯವನ ಭಾವಮೈದನಿಗೆ ಹೋಗುತ್ತೆ."

"ಆ ಡೊಳ್ಳುಹೊಟ್ಟೆಗಾ?"

ಬೂಟು ಕಳಚಿತು. ಕಾಲುಚೀಲ ಚರ್ಮಕ್ಕೆ ಅಂಟಿತ್ತು. ನೆನೆಸಿ ನೆನೆಸಿ ಬಿಡಿಸಿದರೆ ಒಳಗೆ ಕಿರುಬೆರಳು ಕಪ್ಪಾಗಿತ್ತು.

"ಕೊಯ್ತಾರಾ?" ಮೇಸ್ತ್ರಿಯ ದನಿ ಇಳಿದಿತ್ತು.

"ಇವತ್ತೇ ಹೋದ್ರೆ ಬೆರಳು ಹೋಗಬಹುದು. ಹಬ್ಬ ಮುಗೀಲಿ ಅಂದ್ರೆ ಕಾಲೇ ಹೋಗುತ್ತೆ. ನಾನೂ ಬರ್ತೀನಿ, ಏಳಿ."

ಗುರುವಾರ ಸಂಜೆ ಪಾದ್ರಿಗಳು ಕೊಟ್ಟ ಮಾತಿನಂತೆ ಮಂಡಿಯೂರಿ "ಎಡಗಾಲು" ಅಂದರು. ಹನ್ನೊಂದು ದೊಡ್ಡ ಮನುಷ್ಯರ ಮುಖ ಒಮ್ಮೆ ನೋಡಬೇಕಿತ್ತು! ಎಂಥ ಉಗುರುಗಳು, ಎಂಥ ಕೊಳೆ! ಸಂಪ್ರದಾಯ ಕೆಟ್ಟಿತು ಎಂದು ಈಗಲೂ ಬಾರಿನಲ್ಲಿ ಕೂಗಾಡುತ್ತಾರೆ. ಒಬ್ಬ ಮನುಷ್ಯನ ಕಾಲು ಉಳಿಯಿತು ಎನ್ನುವ ಬಾಯಿ ಒಂದೂ ಇಲ್ಲ. ಹನ್ನೆರಡನೆಯ ಕುರ್ಚಿ ಖಾಲಿಯಿತ್ತು. ಸಾವೆರಿಯಾ ಅದ್ಯಾವುದನ್ನೂ ನೋಡಲಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಮೇಸ್ತ್ರಿಯ ಬೂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹೋದದ್ದು ಬೆರಳು ಮಾತ್ರ.

ಈಗ ಹೊಸ ಪಟ್ಟಿ ಕಟ್ಟಿ ಮುಗಿದಿದೆ. ಸಾವೆರಿಯಾ ಚೀಲದಿಂದ ಒಂದು ಅಗಲವಾದ ಬೂಟು ತೆಗೆಯುತ್ತಾರೆ. ಅಪ್ಪನ ಅಂಗಡಿಯ ಬೀಗ ತೆಗೆದು, ಅಪ್ಪನ ಉಳಿಯಲ್ಲೇ ಚರ್ಮ ಕತ್ತರಿಸಿ ತಾವೇ ಹೊಲಿದದ್ದು. ಮೇಸ್ತ್ರಿ ಹಾಕಿಕೊಂಡು, "ದೋಣಿ ಇದ್ದಂಗಿದೆ," ಎಂದು ಮೂತಿ ತಿರುವುತ್ತಾರೆ.

"ಮುಳುಗಲ್ವಲ್ಲ, ನಡೀರಿ."

ನಿಮಗೇನು ಆಸೆ ಎಂದು ಕೇಳಿದರೆ ಸಾವೆರಿಯಾ ಬೋಗುಣಿ ಒರೆಸುತ್ತಾ ಹೇಳುತ್ತಾರೆ: "ಮುಂದಿನ ವರ್ಷ ಆ ಹನ್ನೆರಡು ಕುರ್ಚಿಯಲ್ಲಿ, ಬಗ್ಗಿ ತಮ್ಮ ಕಾಲು ತಾವೇ ಮುಟ್ಟೋಕಾಗದವರು ಕೂರ್ಲಿ. ಅಷ್ಟೇ."

ಹೊರಗೆ ಮೇಸ್ತ್ರಿ ಬೆಳಗಿನ ಪೂಜೆಗೆಂದು ಮೆಟ್ಟಿಲಿಳಿಯುತ್ತಿದ್ದಾರೆ. ಸಾವೆರಿಯಾ ಕೈ ನಿಲ್ಲಿಸಿ ಕಿವಿಗೊಡುತ್ತಾರೆ. ಒಂದು ಬೂಟಿನ ಸದ್ದು, ಹಿಂದೆಯೇ ಇನ್ನೊಂದರದು.

"ಎರಡೂ," ಅನ್ನುತ್ತಾರೆ ತಮ್ಮಷ್ಟಕ್ಕೆ.