ನಮ್ಮ ಅಪಾರ್ಟ್‌ಮೆಂಟಿನ ಇಂಗ್ಲಿಷ್ ಕೋಪ

ನನಗೆ ಕೋಪ ಮೂಗಿನ ತುದಿಯಲ್ಲೇ. ಜಕ್ಕೂರಿನ ನಮ್ಮ ರಾಗಿ ಹೊಲವನ್ನು ಬಿಲ್ಡರಿಗೆ ಕೊಟ್ಟು, ಅಲ್ಲೇ ಎದ್ದ ಅಪಾರ್ಟ್‌ಮೆಂಟಿನಲ್ಲಿ ಪಾಲಿಗೆ ಬಂದ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಅವ್ವನೂ ನಾನೂ ಇದ್ದೇವೆ. ಲಿಫ್ಟ್ ಕೆಟ್ಟು ತಿಂಗಳುಗಟ್ಟಲೆ ಆಗಿದ್ದರೂ ಕೇಳುವವರಿರಲಿಲ್ಲ. ಮಂಡಿ ನೋವಿನ ಅವ್ವ ಅಷ್ಟೂ ದಿನ ನೆಲ ಮುಟ್ಟಿರಲಿಲ್ಲ. ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದಳು, ಅಷ್ಟೇ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಸೋಸಿಯೇಶನ್ ಮೀಟಿಂಗಿನಲ್ಲಿ "ಏನ್ರೀ, ಲಿಫ್ಟ್ ಸರಿ ಮಾಡಿಸ್ತೀರೋ ಇಲ್ವೋ?" ಎಂದು ರೇಗಿದೆ. ಕಾರ್ಯದರ್ಶಿ, ಅವರೂ ಕನ್ನಡದವರೇ, ಮುಖ ಸಿಂಡರಿಸಿದರು. "ಮೇಡಂ, ಲಾಂಗ್ವೇಜ್ ಪ್ಲೀಸ್! ಹಿಂಗೆಲ್ಲ ಗಲಾಟೆ ಮಾಡ್ಬಾರ್ದು." ಕನ್ನಡದಲ್ಲಿ ಸಿಟ್ಟಾದರೆ ಗಲಾಟೆ, ಇಂಗ್ಲಿಷಿನಲ್ಲಿ ಸಿಟ್ಟಾದರೆ ಫೀಡ್‌ಬ್ಯಾಕ್ ಎಂಬುದು ನಮ್ಮ ಅಪಾರ್ಟ್‌ಮೆಂಟಿನ ಪದ್ಧತಿಯಂತೆ.

ಸರಿ, ಆರ್.ಟಿ. ನಗರದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ಮೇಷ್ಟ್ರು ಸಿಟ್ಟಿನ ಮಾತುಗಳದ್ದೇ ಒಂದು ಪಾಠ ಮಾಡಿದರು. ಇಂಗ್ಲಿಷಿನವರಿಗೆ ಸಿಟ್ಟು ಬಂದರೆ ಕಣ್ಣಿಗೆ ಕೆಂಪು ಕಾಣುತ್ತದಂತೆ, ಎಗರಿ ಚಾವಣಿಗೆ ಬಡಿಯುತ್ತಾರಂತೆ, ತಾಳ್ಮೆ ಕೆಡಲು ಕೊನೆಯದೊಂದು ಹುಲ್ಲುಕಡ್ಡಿ ಸಾಕಂತೆ. ಅಯ್ಯೋ ಶಿವನೇ! ನಮಗೆ ಪಿತ್ತ ನೆತ್ತಿಗೇರಿದರೆ ಮುಗಿಯಿತು, ಇವರಿಗೆ ಎಷ್ಟೊಂದು ಸಾಮಾನು ಬೇಕು! ಹೆಬ್ಬಾಳದ ಫ್ಲೈಓವರಿನ ಮೇಲೆ ಬಸ್ಸು ನಿಂತಾಗೆಲ್ಲ ಕೂತು ಬಾಯಿಪಾಠ ಮಾಡಿದೆ.

ಮುಂದಿನ ಮೀಟಿಂಗ್ ಭಾನುವಾರ ಬೆಳಿಗ್ಗೆ, ಕೆಳಗೆ ಪಾರ್ಕಿಂಗಿನಲ್ಲಿ. ಎದ್ದು ನಿಂತು, "ದಿಸ್ ಈಸ್ ದ ಲಾಸ್ಟ್ ಸ್ಟ್ರಾ! ಐ ವಿಲ್ ಹಿಟ್ ದ ರೂಫ್!" ಎಂದೆ. ಚಪ್ಪಾಳೆ! "ಸೂಪರ್ ಮೇಡಂ, ಎಷ್ಟ್ ಚೆನ್ನಾಗ್ ಮಾತಾಡ್ತೀರ! ಈ ಸಲ ರಾಜ್ಯೋತ್ಸವಕ್ಕೆ ನೀವೇ ಆ್ಯಂಕರ್" ಎಂದರು ಕಾರ್ಯದರ್ಶಿ. ಲಿಫ್ಟಿನ ವಿಷಯ ಅಲ್ಲಿಗೇ ಬಿತ್ತು. ನಾನು ಹಲ್ಲು ಕಡಿಯುತ್ತ ಕುಳಿತೆ.

ಅಷ್ಟರಲ್ಲಿ ಮೆಟ್ಟಿಲ ಬಳಿ ಅವ್ವ ಕಂಡಳು. ಒಂದೊಂದೇ ಮೆಟ್ಟಿಲ ಮೇಲೆ ಕೂತು, ಜಾರಿಕೊಂಡು ಇಳಿದುಬಂದಿದ್ದಳು. ಸೀರೆಯೆಲ್ಲ ಧೂಳು.

"ಆಂಟಿ, ಕೋಪ ಮಾಡ್ಕೋಬೇಡಿ" ಎಂದು ಕಾರ್ಯದರ್ಶಿ ಓಡಿಬಂದರು.

"ಕ್ವಾಪ ಯಾಕಪ್ಪ? ನಮ್ಮೊಲ ನೋಡಾನ ಅಂತ ಬಂದೆ. ವಾಪಸ್ ಮೆಟ್ಲತ್ತಾಕೆ ಆಗಾಕಿಲ್ಲ, ಇಲ್ಲೇ ಇರ್ತೀನಿ" ಎಂದು ಅವರದೇ ಕುರ್ಚಿ ಎಳೆದುಕೊಂಡು ಕುಳಿತಳು.

ಮೆಕ್ಯಾನಿಕ್ಕಿಗೆ ತಕ್ಷಣ ಫೋನ್ ಹೋಯಿತು, ಸಂಜೆಯೊಳಗೆ ಲಿಫ್ಟ್ ಓಡಿತು. "ಬಾರವ್ವ, ಸರಿಹೋಯ್ತು" ಎಂದು ಕರೆದೆ. ಅವಳು ಏಳಲಿಲ್ಲ. ಕುರ್ಚಿಯನ್ನು ಕಾಂಪೌಂಡಿನ ಅಂಚಿಗೆ ಸರಿಸಿ, ಅಲ್ಲಿನ ಮಣ್ಣಿನಲ್ಲಿ ಬರಿಗಾಲು ಊರಿಕೊಂಡು ಕುಳಿತಿದ್ದಳು.

"ಇನ್ನೊಂದ್ ಗಳಿಗೆ ಇರ್ತೀನಿ ಕಣೇ. ಮ್ಯಾಲಕ್ಕೋದ್ರೆ, ಇನ್ ಈ ಮಣ್ ಮುಟ್ಟೋದ್ ಯಾವತ್ತೋ ಏನೋ."