ಆಪರೇಟರಣ್ಣ ಬರೆಸಿದ ಮೂರು ಕಾಗದ

ಅವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಪ್ರಸಾರ ನಡೆಯುವಾಗ ರೇಡಿಯೊ ಕಂಬಕ್ಕೆ ತಾಗಿ ಸುಟ್ಟಿತ್ತಂತೆ. ತುದಿ ಹುರಿದ ಶೇಂಗಾ ಬೀಜದ ಹಾಗೆ ಕಪ್ಪಾಗಿ ಮುರುಟಿತ್ತು.

ಚಳ್ಳಕೆರೆಯಿಂದ ನನ್ನಿವಾಳದ ಕಡೆ ಹೋಗುವ ಬಯಲಲ್ಲಿ ಆಗ ಮೀಡಿಯಂ ವೇವ್‌ನ ಸಣ್ಣ ನಿಲಯವೊಂದಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿ ಮಧ್ಯಾಹ್ನದ ಶೇಂಗಾ ಧಾರಣೆ ಓದುತ್ತಿದ್ದೆ. ಅವರು ಯಂತ್ರ ನೋಡಿಕೊಳ್ಳುವ ಆಪರೇಟರ್, ದೇವಸಮುದ್ರದವರು. ನನಗೆ ಆಪರೇಟರಣ್ಣ.

ಸೇರಿದ ವಾರವೇ ಕಂಬದ ಬೇಲಿಯ ಬಳಿ ಕರೆದೊಯ್ದು ನಿಲ್ಲಿಸಿದರು. ಬುಡದಲ್ಲಿ ಬೆಳೆದ ಹುಲ್ಲೊಂದು ಗಾಳಿಗೆ ಬಾಗಿ ಕಂಬಕ್ಕೆ ತಾಗಿತು. ಚಿಟಚಿಟ ಕಿಡಿ. ಆ ಕಿಡಿಯೊಳಗಿಂದ, ಹಿಂದಿನ ದಿನ ಮುದ್ರಿಸಿ ಆಗ ಪ್ರಸಾರವಾಗುತ್ತಿದ್ದ ನನ್ನದೇ ದನಿ ಸಣ್ಣಗೆ ಮಾತಾಡಿತು. ನಾನು ಬೇಲಿಗೆ ಇನ್ನೂ ಹತ್ತಿರವಾದೆ.

"ಮಾತಾಡ್ತೈತೆ ಅಂತ ಹತ್ರ ಹೋಗಬ್ಯಾಡಮ್ಮ," ಎಂದರು. "ಅದಕ್ಕೆ ನಮ್ಮ ಗುರುತಿಲ್ಲ."

ಕಂಬವನ್ನು ಮೂರು ದಿಕ್ಕಿಗೆ ಉಕ್ಕಿನ ತಂತಿಗಳು ಎಳೆದು ಹಿಡಿದಿದ್ದವು. ಆಪರೇಟರಣ್ಣ ದಿನಾ ಬೆಳಿಗ್ಗೆ ಒಂದೊಂದನ್ನೂ ಕೋಲಿನಿಂದ ಬಡಿದು, ಬಿಗಿ ಸರಿಯಿದೆಯೇ ಎಂದು ದನಿಗೆ ಕಿವಿಗೊಡುತ್ತಿದ್ದರು. ಆಮೇಲೆ ಮನೆಮನೆಗೆ ಟಿವಿ ಬಂತು, ಎಫ್ಎಂ ಬಂತು. ನಿಲಯದವರು ಒಬ್ಬೊಬ್ಬರೇ ವರ್ಗವಾಗಿ ಹೋದರು. ಕಂಬಕ್ಕೆ ಬಣ್ಣ ಬಳಿಯುವುದೂ ನಿಂತಿತು.

"ಪಡುವಣ ತಂತಿ ದನಿ ಕೆಟ್ಟೈತೆ. ಬುಡ ತುಕ್ಕು ತಿಂದೈತೆ. ಒಂದು ಕಾಗದ ಬರಕೊಡ್ತೀಯಾ?" ಎಂದರು. ಅವರ ಅಕ್ಷರ ಸೊಟ್ಟ. ಹೀಗೆ ಮೂರು ಸಲ ಮೇಲಿನ ಕಚೇರಿಗೆ ನಾನೇ ಬರೆದುಕೊಟ್ಟೆ, ಅವರು ಸಹಿ ಹಾಕಿ ಕಳಿಸಿದರು. ಉತ್ತರ ಬರಲಿಲ್ಲ.

ಆಷಾಢದ ಒಂದು ಮಧ್ಯಾಹ್ನ ಧಾರಣೆ ಓದುತ್ತಿದ್ದೆ. ಸಾಲಿನ ಮಧ್ಯದಲ್ಲೇ ಪ್ರಸಾರದ ಕೆಂಪು ದೀಪ ಆರಿತು. ಅಷ್ಟು ವರ್ಷದಲ್ಲಿ ಒಮ್ಮೆಯೂ ಪ್ರಸಾರ ಕಡಿಯದ ಮನುಷ್ಯ ಬಾಗಿಲು ದೂಡಿ ನುಗ್ಗಿದರು. ಗಾಬರಿಯಲ್ಲಿ ಮನೆಮಾತು ತೆಲುಗೇ ಬಂತು, ನಡಿ ನಡಿ ಎಂದು. "ಪದಮ್ಮಾ, ಪದ!"

"ಕೆಲಸ ಹೋಗ್ತೈತೆ ಅಣ್ಣಾ!" ಎಂದೆ. ರಟ್ಟೆ ಹಿಡಿದು ಹೊರಗೆಳೆದರು. ಗಾಳಿಗೆ ಬಯಲ ತುಂಬ ಕೆಂಧೂಳು, ಪಡುವಣ ತಂತಿ ಕಿರುಗುಟ್ಟುತ್ತಿತ್ತು. ಕಂಬದ ಬೇಲಿಗೊರಗಿ ಕುರಿ ಕಾಯುವ ಮುದುಕಿಯೊಬ್ಬಳು ಕೂತಿದ್ದಳು. ನನ್ನನ್ನು ಬಿಟ್ಟು ಅವಳ ಕಡೆ ಓಡಿದರು. ಅವಳನ್ನು ಎಬ್ಬಿಸಿ ಓಡಿಸುವಷ್ಟರಲ್ಲಿ ಪಡುವಣ ತಂತಿ ಹರಿಯಿತು. ಅದು ಬೀಸಿದ ಹೊಡೆತಕ್ಕೆ ಅವರ ಬಲಗಾಲು ಮಂಡಿಯ ಕೆಳಗೆ ಉಳಿಯಲಿಲ್ಲ. ಕಂಬ ನಾನು ಕೂತಿದ್ದ ಕೋಣೆಯ ಮೇಲೆ ಬಿತ್ತು. ನಿಲಯ ಮತ್ತೆ ಮಾತಾಡಲಿಲ್ಲ.

ವಿಚಾರಣೆ ನಡೆಯಿತು. ಕಂಬದ ನಿಗಾ ತಪ್ಪಿದ್ದು ಆಪರೇಟರಣ್ಣನದೇ ತಪ್ಪು ಎಂದು ಅಧಿಕಾರಿಗಳು ಹೇಳಿದರು. ಅವರು ಕಳಿಸಿದ ಕಾಗದಗಳು ಕಡತದಲ್ಲಿರಲಿಲ್ಲ. ನನ್ನನ್ನು ಸಾಕ್ಷಿಗೆ ಕರೆದ ಹಿಂದಿನ ದಿನ ಅಧಿಕಾರಿಯೊಬ್ಬರು ನನಗೆ ಬೇರೆ ನಿಲಯದಲ್ಲಿ ಕೆಲಸದ ಆಸೆ ತೋರಿಸಿದ್ದರು.

"ಇಂಥ ಕಾಗದ ಹೋಗಿದ್ದು ನಿಮಗೆ ಗೊತ್ತಾ?" ವಿಚಾರಣೆಯವರು ನನ್ನನ್ನು ಕೇಳಿದರು.

ಊರುಗೋಲು ಹಿಡಿದು ಆಪರೇಟರಣ್ಣ ಎದುರಿಗೇ ಕೂತಿದ್ದರು. "ಗೊತ್ತಿಲ್ಲ ಸರ್," ಎಂದೆ. ಅವರು ತಲೆ ಎತ್ತಲಿಲ್ಲ. ಅವರ ಕೆಲಸ ಹೋಯಿತು. ನನಗೆ ಸಿಕ್ಕಿತು.

ಅವರು ತೀರಿಕೊಂಡ ಸುದ್ದಿ ತಡವಾಗಿ ತಿಳಿದು ದೇವಸಮುದ್ರಕ್ಕೆ ಹೋದೆ. ಅವರ ಹೆಂಡತಿಗೆ ಎಲ್ಲವನ್ನೂ ಹೇಳಿದೆ: ಮೂರು ಕಾಗದ ಬರೆದದ್ದು ನಾನೇ, ಗೊತ್ತಿಲ್ಲ ಎಂದದ್ದೂ ನಾನೇ.

"ನೀನು ಬದುಕಿದ್ದೀಯಲ್ಲ ಅಂತ ಸಮಾಧಾನ ಮಾಡ್ಕಂತಿದ್ರು. ಈ ಗೊತ್ತಿಲ್ಲ ಅಂದ ಮಾತು ಮಾತ್ರ ನನಗೆ ಹೇಳಿರಲಿಲ್ಲ," ಎಂದರು ಆಕೆ.