ಏರು ದಾಟಿದರೆ ನಮ್ಮೂರು

ಶ್ರೀನಿವಾಸಪುರದಿಂದ ಆಂಧ್ರದ ಗಡಿಯತ್ತ ಹೋದರೆ ನೆಲ ಇದ್ದಕ್ಕಿದ್ದಂತೆ ಬಿರಿಯುತ್ತದೆ. ಎರಡೂ ಕಡೆ ಬಂಡೆಗುಡ್ಡ, ನಡುವೆ ಆಳದ ಕೊರಕಲು, ತಳದಲ್ಲಿ ನಮ್ಮ ಹೊಳೆ. ಹೊಳೆ ಎಂದರೆ ಮಳೆ ಬಂದಾಗ ಕೆಂಪು ನೀರು, ಉಳಿದಂತೆ ಮರಳು. ಮೊಣಕೈಯುದ್ದ ತೋಡಿದರೆ ಸಿಹಿನೀರು ಸಿಗುತ್ತದೆ. ನಮ್ಮ ಜನವೂ ಹಾಗೇ. ಹೊರಗಿನವರಿಗೆ ಅಷ್ಟು ತೋಡುವ ತಾಳ್ಮೆ ಇರುವುದಿಲ್ಲ.

ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಕೊರಕಲ ತಿರುವಿನ ಹಿಂದೆ, ಇಳಿಜಾರಿನಲ್ಲಿ ಕಲ್ಲು ಕೂರಿಸಿ, ಮಣ್ಣು ನಿಲ್ಲಿಸಿ, ಮೆಟ್ಟಿಲು ಮೆಟ್ಟಿಲಾಗಿ ರಾಗಿ, ಹಿಪ್ಪುನೇರಳೆ ಎಬ್ಬಿಸಿದ್ದೆ. ಆದರೂ ಹೆಣ್ಣು ಕೊಡುವವರಿಲ್ಲ. “ಆ ಗುಂಡಿಗೆ ಹುಡುಗೀನ ಕೊಟ್ರೆ, ಬಿಂದಿಗೆ ಹೊತ್ಕೊಂಡು ಹತ್ತಿ ಇಳಿದೇ ಮುದುಕಿ ಆಗ್ತಾಳೆ” ಎಂಬ ಮಾತು ಕೋಲಾರದವರೆಗೂ ಹಬ್ಬಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಮಾಸ್ತಿ ಕಡೆಯವರೊಬ್ಬರು ಮನೆ ನೋಡಲು ಬರುತ್ತೇವೆಂದರು. ಅವರ ಮಗಳನ್ನು ನಾನು ಆಗಲೇ ನೋಡಿದ್ದೆ, ಮನಸ್ಸು ಅಲ್ಲೇ ಬಿಟ್ಟು ಬಂದಿದ್ದೆ. ನನ್ನ ತಾಯಿ ದಾರಿ ಹೇಳಿ ಕಳಿಸಿದಳು: “ಬಸ್ಸಿಳಿದು ಏರು ದಾಟಿದ್ರೆ ನಮ್ಮೂರೇ.”

ನಮ್ಮ ಮನೆಮಾತು ಅರ್ಧ ತೆಲುಗು. ನಮಗೆ ಏರು ಎಂದರೆ ಹೊಳೆ. ಅವರ ಕನ್ನಡದಲ್ಲಿ ಏರು ಎಂದರೆ ದಿಬ್ಬ. ಬಸ್ಸಿಳಿದ ಹುಡುಗಿಯ ತಂದೆ ಹೊಳೆಯ ಕಡೆ ತಿರುಗಿಯೂ ನೋಡದೆ, ಜೊತೆಗೆ ಬಂದಿದ್ದ ತಮ್ಮನನ್ನು ಕರೆದುಕೊಂಡು ಬಂಡೆಗುಡ್ಡ ಹತ್ತಿದರು.

ಮುದ್ದೆ ಆರಿಹೋದ ಮೇಲೆ ಇಬ್ಬರೂ ಬಾಗಿಲಿಗೆ ಬಂದರು. ಪಂಚೆಯ ತುಂಬ ಮುಳ್ಳು, ಮುಖದ ತುಂಬ ಬೆವರು. ಕೆಲಸ ಕೆಟ್ಟಿತು ಎಂದುಕೊಂಡೆ.

“ಏನಮ್ಮಾ, ಏರು ಅಂತ ಹೇಳಿ ಕೈಲಾಸಕ್ಕೇ ಹತ್ತಿಸಿಬಿಟ್ರಲ್ಲ!” ಎಂದರು ಹುಡುಗಿಯ ತಂದೆ.

“ಅಯ್ಯೋ ರಾಮ! ಏರು ದಾಟೋದು ಬಿಟ್ಟು ಗುಡ್ಡ ಯಾಕೆ ಹತ್ತಿದ್ರಣ್ಣಾ? ಏಟ್ಲೋ ನೀಳ್ಳೇ ಇಲ್ಲ, ಹೊಳೇಲಿ ನೀರೇ ಇಲ್ಲ, ಕಾಲೂ ನೆನೀತಿರ್ಲಿಲ್ಲ!” ಎಂದಳು ತಾಯಿ.

ತಮ್ಮ ಗೊಣಗಿದ: “ನಡಿಯಣ್ಣ ಹೋಗೋಣ. ನೋಡಕ್ ಬಂದೋರಿಗೇ ಹಿಂಗಾದ್ರೆ ಬಾಳಕ್ ಬರೋಳ ಗತಿ ಏನು?”

ಅಣ್ಣ ನೀರು ಕುಡಿದು ಚೊಂಬು ಕೆಳಗಿಟ್ಟರು. ನನ್ನನ್ನೇ ನೋಡಿ, “ಮೇಲಿಂದ ಹಸುರು ಮೆಟ್ಲು ಕಾಣ್ತು. ಆ ಕಲ್ಲು ಕೂರಿಸಿದ್ಯಾರು?” ಎಂದರು.

“ನಾನೇ.”

“ಆಳು ಇಟ್ಟಾ?”

ನಾನು ಎರಡೂ ಅಂಗೈ ತೋರಿಸಿದೆ. ಅವರು ಒಂದನ್ನು ಹಿಡಿದು ಹೆಬ್ಬೆರಳಿನಿಂದ ಉಜ್ಜಿ ನೋಡಿದರು, ಸಂತೆಯಲ್ಲಿ ಎತ್ತಿನ ಗೊರಸು ನೋಡುವ ಹಾಗೆ.

“ಸುಮ್ನಿರೋ,” ಎಂದು ತಮ್ಮನಿಗೆ ಹೇಳಿದರು. “ಸರಿ ದಾರೀಲಿ ಬಂದಿದ್ರೆ ಬರೀ ಮರಳು ನೋಡ್ಕೊಂಡು ವಾಪಸ್ ಹೋಗ್ತಿದ್ವಿ.” ಆಮೇಲೆ ಒಳಗೆ ತಿರುಗಿ ಕೂಗಿದರು, “ಹೊಟ್ಟೆ ಹಸೀತದೆ, ಮುದ್ದೆ ಇಡ್ರೀ ಬೀಗ್ತಿ!”

ಬೀಗ್ತಿ ಎಂಬುದು ಕಿವಿಗೆ ಬಿದ್ದ ಮೇಲೆ ಅವರು ಇನ್ನೇನು ಹೇಳಿದರೋ, ನನಗೆ ಕೇಳಿಸಲಿಲ್ಲ.